ಲಂಡನ್ದಾಗ ಮ್ಯಾಚ್ ನೋಡ್ಬೇಕನ್ನೋ ನಮ್ ಕಲಬುರಗಿ ಕಡಿ ಮಂದಿಗಿ

ಬಿಗ್ ಬೆನ್, ಟವರ್ ಬ್ರಿಜ್, ಲಂಡನ್ ಐ ಎಲ್ಲಾ ನೀವು ವಿಮಾನ ಹತ್ತೂದ್ಕಿಂತ ಮೊದ್ಲೇ ಯೂಟ್ಯೂಬ್ದಾಗ ನೋಡಿ ಮುಗಿಸಿರ್ತೀರಿ, ಅದ್ರ ಬಗ್ಗೆ ನಾ ಬರ್ಯಂಗಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಶನಲ್ ಗ್ಯಾಲರಿ, ಸೈನ್ಸ್ ಮ್ಯೂಸಿಯಂ ಪುಕ್ಕಟೆ, ಒಳಗ ವಿಶೇಷ ಪ್ರದರ್ಶನ ಇದ್ರ ಅದಕ್ಕಷ್ಟ ಟಿಕೆಟ್. ಯಾರರ ಇವನ್ನೂ ಸೇರ್ಸಿ ಪ್ಯಾಕೇಜ್ ಅಂತ ಮಾರ್ಲಕತ್ತಿದ್ರ ಕೈ ಮುಗದು ಮುಂದ ಹೋಗ್ರಿ.

ಈಗ ಅಸಲಿ ಮಾತು, ಫುಟ್‌ಬಾಲ್. ಪ್ರತಿ ವರ್ಷ ಹೊಸದಾಗಿ ಬಂದ ನಮ್ ಹುಡುಗ್ರು ಇದ್ರಾಗೇ ರೊಕ್ಕ ಕಳ್ಕೋತಾರ. ಆರ್ಸೆನಲ್, ಚೆಲ್ಸಿ, ಟಾಟನಮ್ ಮ್ಯಾಚಿನ ಟಿಕೆಟ್ ಸಿನಿಮಾ ಟಿಕೆಟ್ ಹಂಗ ಬಂದವರಿಗೆಲ್ಲಾ ಮಾರಂಗಿಲ್ರಿ. ಮೊದ್ಲ ರೊಕ್ಕ ಕಟ್ಟಿ ಕ್ಲಬ್ಬಿನ ಮೆಂಬರ್ ಆಗ್ಬೇಕು, ಆಮ್ಯಾಲ ಮೆಂಬರ್ ಸೇಲ್‌ದಾಗ ಇಲ್ಲಾ ಲಾಟರಿದಾಗ ಹೆಸರು ಹಚ್ಚಬೇಕು, ಬಂದ್ರ ಬಂತು ಇಲ್ಲಂದ್ರ ಇಲ್ಲ. ಇಷ್ಟೆಲ್ಲಾ ಯಾರ್ ಮಾಡ್ತಾರ ಅಂತ ಗೂಗಲ್ದಾಗ ಹುಡುಕ್ತಾರ, ಮ್ಯಾಲೇ ಕಾಣೋ ಜಾಹೀರಾತು ಒತ್ತತಾರ, ಅಸಲಿ ರೇಟಿನ ಮೂರು ನಾಕು ಪಟ್ಟು ಕೊಟ್ಟು ಖುಷಿಯಿಂದ ಸ್ಟೇಟಸ್ ಹಾಕ್ತಾರ.

ಹೋದ ವರ್ಷ ಯಾದಗಿರಿ ಕಡಿ ಹುಡುಗ ಒಬ್ಬ, ಓದ್ಲಕ ಬಂದವ, ಊರಿಂದ ಬಂದ ಅಣ್ಣಗ ತೋರಿಸ್ಬೇಕಂತ ಹಿಂಗೇ ಎರಡು ಟಿಕೆಟ್ ತಗೊಂಡ. ಮ್ಯಾಚಿನ ಹಿಂದಿನ ರಾತ್ರಿ ವಾಟ್ಸಾಪ್ದಾಗ ಯಾರದೋ ಮೆಂಬರ್ ಪಾಸ್ ಬಂತು, ಕೆಳಗ "ಕೇಳಿದ್ರ ದೋಸ್ತಂದು ಅನ್ರಿ" ಅಂತ ಬರ್ದಿತ್ತು. ಅಲ್ಲೇ ತಿಳ್ಕೋಬೇಕಾಗಿತ್ತು ನೋಡ್ರಿ. ಗೇಟಿನ್ಯಾಗ ಫೋನ್ ಹಿಡದ್ರ ಕೆಂಪು ಲೈಟ್, ಇನ್ನೊಮ್ಮೆ ಹಿಡದ್ರೂ ಕೆಂಪು, ಅಲ್ಲಿ ಗೇಟ್ ಕಾಯೋ ಸ್ಟೀವರ್ಡ್ ಭಾಳ ಮರ್ಯಾದಿಯಿಂದನೇ ಟಿಕೆಟ್ ಕ್ಯಾನ್ಸಲ್ ಆಗ್ಯದ ಅಂದು ಬಾಜೂಕ ನಿಂದರ್ಸಿದ. ಮಾರಿದವಂದು ಸ್ವಿಚ್ ಆಫ್. ಪಬ್ಬಿನ್ಯಾಗರ ನೋಡೂಣು ಅಂದ್ರ ಅದು ಶನಿವಾರ ಮಧ್ಯಾಹ್ನ 3ರ ಮ್ಯಾಚು, ಈ ದೇಶದಾಗ ಆ ಹೊತ್ತಿನ ಮ್ಯಾಚ್ ಟಿವಿಯಾಗ ಲೈವ್ ತೋರ್ಸಂಗಿಲ್ಲ. ಊರಾಗ ಕುಂತ ಅವರ ಸ್ವಾದರತ್ತಿ ಮಗ ಮೊಬೈಲ್ದಾಗ ಲೈವ್ ನೋಡಿ ಇವರಿಗಿ ಸ್ಕೋರ್ ಹೇಳ್ಲಕತ್ತಿದ್ದ.

ಟಿಕೆಟಿಗಿ ಯಾಕ ಇಷ್ಟು ಬಿಗಿ ಅಂದ್ರ, 1989ರಾಗ ಹಿಲ್ಸ್‌ಬರೋ ಸ್ಟೇಡಿಯಂದಾಗ ನೂಕುನುಗ್ಗಲಾಗಿ 97 ಮಂದಿ ತೀರಿಕೊಂಡ್ರು. ಅದರ ತನಿಖಾ ವರದಿ ಬ್ಲಾಕ್ ಟಿಕೆಟ್ ಬಂದ್ ಮಾಡ್ರಿ ಅಂತ ಹೇಳಿತು, ಯಾಕಂದ್ರ ಎರಡೂ ಟೀಮಿನ ಮಂದಿನ್ನ ಬ್ಯಾರೆ ಬ್ಯಾರೆ ಕೂಡ್ಸೋ ವ್ಯವಸ್ಥಾನೇ ಅದು ಕೆಡಸ್ತದ. 1994ರ ಕಾನೂನ್ದಾಗ ಕ್ಲಬ್ ಒಪ್ಪಿಗಿ ಇಲ್ದ ಫುಟ್‌ಬಾಲ್ ಟಿಕೆಟ್ ಮಾರೋದೇ ಅಪರಾಧ ಆಯ್ತು, ಅಸಲಿ ರೇಟಿಗಿ ಮಾರಿದ್ರೂ ಅಷ್ಟೇ. ಅಂದ್ರ ನಿಮ್ಮ ಹತ್ರ ಒಂದು ಟಿಕೆಟ್ ಉಳ್ದದ ಅಂತ ಕನ್ನಡದವರ ಗ್ರೂಪಿನ್ಯಾಗ "ಯಾರಿಗರ ಬೇಕೇನ್ರೀ" ಅಂತ ಹಾಕ್ಲೇಬ್ಯಾಡ್ರಿ! ಕ್ಲಬ್ಬಿನ ಆ್ಯಪಿನ್ಯಾಗೇ ವಾಪಸ್ ಕೊಡೋ ದಾರಿ ಇರ್ತದ. ಇನ್ನ ಒಳಗ ಹೋದ್ರೂ ಹೋಮ್ ಟೀಮಿನ ಕಡಿ ಕುಂತು ಎದುರಿನವರ ಜರ್ಸಿ ಹಾಕಿದ್ರ ಎಬ್ಬಿಸಿ ಹೊರಗ ಕಳಸ್ತಾರ. ನಮ್ಮಲ್ಲಿ ಬ್ಲಾಕ್‌ದಾಗ ತಗೊಂಡವರು ಒಳಗರ ಹೋಗ್ತಿದ್ರು ಬಿಡ್ರಿ.

ಹಂಗಾರ ಏನ್ ಮಾಡ್ಬೇಕು? ಸಣ್ಣ ಕ್ಲಬ್ ನೋಡ್ರಿ. ಲೇಟನ್ ಓರಿಯಂಟ್, ವಿಂಬಲ್ಡನ್ ಕಡಿ ಎಎಫ್‌ಸಿ ವಿಂಬಲ್ಡನ್, ಸಾಮಾನ್ಯವಾಗಿ ಸೀದಾ ಕ್ಲಬ್ ಸೈಟಿನ್ಯಾಗ ಟಿಕೆಟ್ ಸಿಗ್ತದ, ಮೈದಾನ ಹತ್ರ, ಬೈಗುಳ ಸುದ್ದಾ ಸ್ಪಷ್ಟ ಕೇಳ್ತಾವ. ಎಮಿರೇಟ್ಸ್ ಸ್ಟೇಡಿಯಂನೇ ನೋಡ್ಬೇಕಂದ್ರ ಆರ್ಸೆನಲ್ ಮಹಿಳಾ ಟೀಮಿನ ಮ್ಯಾಚಿಗಿ ಹೋಗ್ರಿ, ಸಣ್ಣ ಮಕ್ಕಳಿದ್ದವರಿಗಂತೂ ಅದೇ ಛಲೋ. ಮತ್ತ ಮ್ಯಾಚ್ ತಾರೀಖು ನೋಡಿ ಬ್ಯಾರೆ ಊರಿಂದ ರೈಲು ಬುಕ್ ಮಾಡೂದ್ಕಿಂತ ಮೊದ್ಲ ತಡೀರಿ, ಟಿವಿಯವರ ಸಲುವಾಗಿ ಶನಿವಾರದ್ದು ಭಾನುವಾರಕ್ಕೋ ಸೋಮವಾರ ರಾತ್ರಿಗೋ ಸರಿಸ್ತಾರ, ರೈಲಿನವರು ಅದಕ್ಕ ಜವಾಬ್ದಾರಿ ಅಲ್ಲ.

ಕ್ರಿಕೆಟ್ದಾಗ ಮಾತ್ರ ಈ ದೇಶನೇ ಮುಂದ ಅಂತೀನಿ. ನಮ್ಮಲ್ಲಿ ನೀರಿನ ಬಾಟ್ಲಿ, ಕಿಸೇದಾಗಿನ ಚಿಲ್ರೆ ಸುದ್ದಾ ಗೇಟಿನ್ಯಾಗ ಕಸ್ಕೋತಾರ. ಇಲ್ಲಿ ಓವಲ್‌ದಾಗ ಸರ್ರೆ ಟೀಮಿನ ನಾಕು ದಿನದ ಕೌಂಟಿ ಮ್ಯಾಚಿಗಿ ಹೋದ್ರ ಡಬ್ಬಿದಾಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ದು ಬಿಸಲಿಗಿ ಕುಂತು ಉಣ್ಣಬಹುದು. ಮಜಾ ಅಂದ್ರ ಕ್ರಿಕೆಟ್ದಾಗ ಸೀಟಿನ್ಯಾಗ ಕುಂತೇ ಬಿಯರ್ ಕುಡೀತಾರ, ಗಂಡಸರ ದೊಡ್ಡ ಫುಟ್‌ಬಾಲ್ ಮ್ಯಾಚಿನ್ಯಾಗ ಮೈದಾನ ಕಾಣೋ ಜಾಗದಾಗ ಕುಡಿಯಂಗಿಲ್ಲ, ಅದಕ್ಕೂ 1985ರಿಂದ ಕಾನೂನು ಅದ.

ಹಾಡಿನ ಪ್ರೋಗ್ರಾಮಿನ ಬಗ್ಗೆ ಜಾಸ್ತಿ ಇಲ್ಲ. ವೆಂಬ್ಲಿ ಸ್ಟೇಡಿಯಂಕ್ಕ ಎ4 ಹಾಳಿಗಿಂತ ದೊಡ್ಡ ಬ್ಯಾಗ್ ಒಯ್ಯಬ್ಯಾಡ್ರಿ, ಬಿಡಂಗಿಲ್ಲ. ವೆಂಬ್ಲಿ ಇರ್ಲಿ, ಹಾಡಿನ ಪ್ರೋಗ್ರಾಮ್ ನಡ್ಯೋ ಓ2 ಹಾಲ್ ಇರ್ಲಿ, ವಾಪಸ್ ಬರ್ಲಕ ಜುಬಿಲಿ ಲೈನ್ ಮೆಟ್ರೋ, ಶುಕ್ರವಾರ ಶನಿವಾರ ರಾತ್ರಿಪೂರಾ ಓಡ್ತದ, ಉಳಿದ ದಿನ ಇಲ್ಲ, ಕೊನೀ ಹಾಡಿಗಿ ಕಾಯೋರು ಇದು ನೆಪ್ಪಿಟ್ಕೋರಿ. ಇಲ್ಲಿನ ಬ್ಯಾಸಿಗ್ಯಾಗ ಬಂದ್ರ ರಾಯಲ್ ಆಲ್ಬರ್ಟ್ ಹಾಲ್‌ದಾಗ ಪ್ರಾಮ್ಸ್ ಅಂತ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಛೇರಿ ಇರ್ತಾವ, ನಿಂತು ಕೇಳೋ ಟಿಕೆಟ್ ಅವತ್ತಿಂದವತ್ತೇ ಕಡಿಮಿ ರೊಕ್ಕಕ್ಕ ಸಿಗ್ತದ. ಅಪ್ಪ ಅವ್ವ ಸಂಗಟ ಇದ್ರ ಮಾತ್ರ ಮುಂಚೇನೇ ಸೀಟ್ ತಗೋರಿ, ಎರಡು ತಾಸು ನಿಂದ್ರೋದು ಅವರ ಮಣಕಾಲಿಗಿ ಆಗಂಗಿಲ್ಲ.