ಹಾಲು ಕಾಯದಂತೆ ರೈಲಿಗೆ ತುಂಬಿಸುವುದು ಹೇಗೆ?

ಆಂಧ್ರದ ಪಲಮನೇರು ಕಡೆ ಬೆಳಿಗ್ಗೆ ಆರಕ್ಕೆ ಡೈರಿ ಮುಂದೆ ಕ್ಯಾನು ಹಿಡಿದು ನಿಂತರೆ ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುತ್ತವೆ. ಮೂರೂ ಭಾಷೆಯವರಿಗೆ ಇರುವ ಅವಸರ ಒಂದೇ. ಹಾಲು ಕಾಯಬಾರದು. ನಮ್ಮ ಕನ್ನಡದಲ್ಲಿ ‘ಕಾಯುವುದು’ ಅಂದರೆ ಬಿಸಿಯಾಗುವುದೂ ಹೌದು, ದಾರಿ ನೋಡುವುದೂ ಹೌದು. ಹಾಲಿನ ವಿಷಯದಲ್ಲಿ ಎರಡೂ ಒಂದೇ ಅಲ್ವಾ?

ಚಿತ್ತೂರು ಸೀಮೆಯ ಹಾಲು ಮೊಗಿಲಿ ಘಾಟಿ ಇಳಿದು ರೇಣಿಗುಂಟ ಸೇರಿ, ಅಲ್ಲಿಂದ ರೈಲಿನಲ್ಲಿ ದೆಹಲಿಗೆ ಹೋಗುತ್ತದೆ. ಮೊದಲು ಹಾಲಿನ ಟ್ಯಾಂಕರುಗಳನ್ನು ವಾರದ ಎಕ್ಸ್‌ಪ್ರೆಸ್ ರೈಲುಗಳಿಗೆ ಜೋಡಿಸುತ್ತಿದ್ದರು. ಲಾಕ್‌ಡೌನ್ ಬಂದು ಆ ರೈಲುಗಳು ನಿಂತವು. ಆಗ 2020ರ ಮಾರ್ಚ್ 26ರಂದು ‘ದೂಧ್ ದುರಂತೊ’ ಅನ್ನುವ ಹಾಲಿನ ವಿಶೇಷ ರೈಲು ಶುರುವಾಯಿತು. ಒಂದು ಟ್ಯಾಂಕರಿನಲ್ಲಿ 40,000 ಲೀಟರ್, ಆರು ಟ್ಯಾಂಕರ್ ಜೋಡಿಸಿದರೆ 2.40 ಲಕ್ಷ ಲೀಟರ್. ದಾರಿ ಸುಮಾರು 2,300 ಕಿಲೋಮೀಟರ್. ಇಷ್ಟು ಹಾಲನ್ನು ಕೆಡದಂತೆ ತುಂಬಿಸಲು ಸೈಡಿಂಗ್ ಹೇಗಿರಬೇಕು, ಕೆಲಸ ಹೇಗೆ ಸಾಗಬೇಕು ಅಂತ ನೋಡೋಣ.

ಮೊದಲು ಜಾಗ

ಸೈಡಿಂಗ್ ಅಂದರೆ ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿ. ಅದು ಆದಷ್ಟೂ ಸಮತಟ್ಟಾಗಿರಬೇಕು. ಹೊಸ ಯಾರ್ಡಿಗೆ ರೈಲ್ವೆ ಹೇಳುವ ಇಳಿಜಾರು 1,200 ಮೀಟರಿಗೆ ಒಂದು ಮೀಟರ್ ಅಷ್ಟೇ. ಜಾಸ್ತಿ ಇದ್ದರೆ ವ್ಯಾಗನ್ ತಾನಾಗಿಯೇ ಉರುಳೀತು. ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಕೆಂಪು ಬಾವುಟ ನೆಡಬೇಕು.

ಹಳಿಯ ಮೇಲೆ ಕರೆಂಟಿನ ತಂತಿ ಇದ್ದರೆ ಅದರಲ್ಲಿ 25,000 ವೋಲ್ಟ್ ಹರಿಯುತ್ತಿರುತ್ತದೆ. ಮುಟ್ಟುವುದು ಹಾಗಿರಲಿ, ಎರಡು ಮೀಟರ್ ಒಳಗೆ ಹೋದರೂ ಜೀವಕ್ಕೆ ಅಪಾಯ. ರೈಲ್ವೆಯವರು ಲೈನ್ ಬಂದ್ ಮಾಡಿ, ಅರ್ಥಿಂಗ್ ಕೊಟ್ಟು, ಬರೆದು ಕೊಡುವವರೆಗೆ ಯಾರೂ ಟ್ಯಾಂಕಿನ ಮೇಲೆ ಹತ್ತಬಾರದು. ‘ಒಂದು ನಿಮಿಷದ ಕೆಲಸ’ ಅಂತ ಹತ್ತುವ ಹುಡುಗರನ್ನು ಕೈ ಹಿಡಿದು ಇಳಿಸಿ.

ಮೇಲೆ ನೆರಳು, ಕೆಳಗೆ ನೀರು ನಿಲ್ಲದ ಸಿಮೆಂಟ್ ನೆಲ, ಪಕ್ಕದಲ್ಲಿ ರಸ್ತೆ ಟ್ಯಾಂಕರ್ ತಿರುಗುವಷ್ಟು ಜಾಗ ಬೇಕು. ಇನ್ನೊಂದು ಲೆಕ್ಕವೂ ಇದೆ. ಗಂಟೆಗೆ 20,000 ಲೀಟರ್ ಎತ್ತುವ ಪಂಪಾದರೂ ಒಂದು ಟ್ಯಾಂಕರ್ ತುಂಬಲು ಎರಡು ಗಂಟೆ ಬೇಕು. ಒಂದೇ ಪೈಪ್ ಇಟ್ಟುಕೊಂಡರೆ ಆರಕ್ಕೆ ಹನ್ನೆರಡು ಗಂಟೆ! ಅದಕ್ಕೇ ಎರಡು ಮೂರು ಕಡೆ ಒಟ್ಟಿಗೆ ತುಂಬುವ ಏರ್ಪಾಡು ಇರಲೇಬೇಕು.

ತೊಳೆಯುವುದು

ದೂರದಿಂದ ಖಾಲಿ ಬಂದ ಟ್ಯಾಂಕಿನ ಗೋಡೆಗೆ ಹಾಲಿನ ಜಿಡ್ಡು ಅಂಟಿರುತ್ತದೆ. ಮೊದಲು ಬರೀ ನೀರು, ಆಮೇಲೆ ಸುಮಾರು 70 ಡಿಗ್ರಿ ಬಿಸಿಯ ಕಾಸ್ಟಿಕ್ ಸೋಡಾ ನೀರು, ಮತ್ತೆ ನೀರು, ಕೊನೆಗೆ ಬಿಸಿನೀರು ಅಥವಾ ಹಬೆ. ಈ ಹೊತ್ತಿನಲ್ಲಿ ಮುಚ್ಚಳ ಅಥವಾ ಗಾಳಿಕಿಂಡಿ ತೆರೆದೇ ಇರಬೇಕು. ಬಿಸಿ ಟ್ಯಾಂಕನ್ನು ಮುಚ್ಚಿ ತಣ್ಣೀರು ಬಿಟ್ಟರೆ ಒಳಗಿನ ಹಬೆ ಕುಗ್ಗುತ್ತದೆ, ಹೊರಗಿನ ಗಾಳಿ ಒತ್ತುತ್ತದೆ. ಅಷ್ಟು ದಪ್ಪನೆಯ ಸ್ಟೀಲ್ ಟ್ಯಾಂಕೂ ಖಾಲಿ ಬಾಟಲಿ ಹಿಂಡಿದ ಹಾಗೆ ಒಳಕ್ಕೆ ಕುಸಿಯುತ್ತದೆ. ತೊಳೆದ ಮೇಲೆ ಟಾರ್ಚ್ ಬಿಟ್ಟು ನೋಡಿ, ಮೂಸಿ ನೋಡಿ. ಸಣ್ಣ ಹುಳಿವಾಸನೆ ಬಂದರೂ ಮತ್ತೆ ತೊಳೆಯಬೇಕು. ರಬ್ಬರ್ ವಾಷರ್ ಬಿಚ್ಚಿ ಅದರ ಸಂದಿ ನೋಡಲು ಮರೆಯಬೇಡಿ. ಕೊಳೆ ಅಡಗುವುದು ಅಲ್ಲೇ.

ಪರೀಕ್ಷೆ, ಆಮೇಲೆ ಪಂಪು

ಬಂದ ಹಾಲನ್ನು ಕಡೆಗೋಲಿನಂಥ ಉದ್ದ ಕೋಲಿನಿಂದ ಚೆನ್ನಾಗಿ ಕಲಕಿ, ಆಮೇಲೆ ಸ್ಯಾಂಪಲ್ ತೆಗೆಯಬೇಕು. ಕಲಕದೆ ತೆಗೆದರೆ ಮೇಲಿನ ಕೆನೆ ಮಾತ್ರ ಬಂದು ಫ್ಯಾಟ್ ಲೆಕ್ಕ ತಪ್ಪುತ್ತದೆ. ರುಚಿ, ವಾಸನೆ, ಎಷ್ಟು ಡಿಗ್ರಿ ತಣ್ಣಗಿದೆ, ಹುಳಿ, ಕಾಯಿಸಿದರೆ ಒಡೆಯುತ್ತದೆಯೇ ಅನ್ನುವುದು, ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ), ಕಲಬೆರಕೆ ಎಲ್ಲವನ್ನೂ ನೋಡಬೇಕು. ಒಂದು ಕೆಟ್ಟ ಲೋಡ್ ಸೇರಿದರೆ 40,000 ಲೀಟರೂ ಹೋಯಿತು.

ಹಾಲು 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ಇದರಲ್ಲಿ ರಾಜಿ ಬೇಡ. ಯಾಕೆಂದರೆ ರೈಲಿನ ಟ್ಯಾಂಕು ಥರ್ಮಾಸ್ ಫ್ಲಾಸ್ಕಿನ ಹಾಗೆ, ಇದ್ದ ತಂಪನ್ನು ಕಾಪಾಡುತ್ತದೆ ಅಷ್ಟೇ. ಎಂಟು ಡಿಗ್ರಿಯಲ್ಲಿ ತುಂಬಿದ್ದನ್ನು ನಾಲ್ಕಕ್ಕೆ ಇಳಿಸಿ ಕೊಡುವುದಿಲ್ಲ. ಒಮ್ಮೆ ಬೇಸಿಗೆಯಲ್ಲಿ ನಮ್ಮೂರ ಹಾಲು ತುಂಬಿದ ಲಾರಿ ಒಂದು ಘಟಕದ ಗೇಟಿನ ಮುಂದೆ ಸರದಿಗಾಗಿ ಮಧ್ಯಾಹ್ನವೆಲ್ಲ ನಿಂತಿತ್ತು. ಸಂಜೆ ಹಾಲು ವಾಪಸ್ ಬಂತು, ಮನೆ ಮನೆಯ ದುಡ್ಡೂ ಹೋಯಿತು. ಸರದಿ ಚೀಟಿಯನ್ನು ಹಿಂದಿನ ರಾತ್ರಿಯೇ ಫೋನಿನಲ್ಲಿ ತಿಳಿಸಿದರೆ ಇಂಥದ್ದು ಆಗುವುದಿಲ್ಲ.

ಹಾಲನ್ನು ಕೆಳಗಿನ ವಾಲ್ವಿನಿಂದ ತುಂಬಿ. ಮೇಲಿನಿಂದ ಸುರಿದರೆ ನೊರೆ ಏಳುತ್ತದೆ, ಅಳತೆ ಸಿಗುವುದಿಲ್ಲ. ಗುರುತಿನ ಗೆರೆಯವರೆಗೂ ತುಂಬಿ. ಅರೆಬರೆ ತುಂಬಿದರೆ ದಾರಿಯುದ್ದಕ್ಕೂ ಕುಲುಕಿ ಬೆಣ್ಣೆ ಏಳುತ್ತದೆ.

ಸೀಲ್ ಹಾಕಿ ಕಳಿಸುವುದು

ಮುಚ್ಚಳಕ್ಕೂ ವಾಲ್ವಿಗೂ ಬೇರೆ ಬೇರೆ ಸೀಲ್. ಪೈಪ್ ಬಿಚ್ಚಿದ್ದಾರೆ, ಜನ ಇಳಿದಿದ್ದಾರೆ ಅಂತ ನೋಡಿದ ಮೇಲೆಯೇ ಅಡ್ಡಗಟ್ಟೆ, ಬಾವುಟ ತೆಗೆಯಿರಿ. ಸೀಲ್ ನಂಬರ್, ಲೀಟರ್, ಹೊರಟ ಹೊತ್ತು, ಹೊರಡುವಾಗಿನ ಡಿಗ್ರಿ ಇಷ್ಟನ್ನೂ ಚೀಟಿಯಲ್ಲಿ ಬರೆದು ಒಂದು ಪ್ರತಿ ಇಟ್ಟುಕೊಳ್ಳಿ. ದೆಹಲಿಯಲ್ಲಿ ಇಳಿಸುವಾಗ ಡಿಗ್ರಿ ಏರಿದ್ದರೆ, ಹಾಲು ಎಲ್ಲಿ ಕಾಯಿತು ಅಂತ ಹುಡುಕಲು ಆ ಚೀಟಿಯೇ ಬೇಕು.