ದಸ್ತಾವೇಜಿನ ಮೇಜಿನಿಂದ ಓದಿದ ಕಾಫ್ಕಾ

ದಾವಣಗೆರೆಯಲ್ಲಿ ಹಗಲೆಲ್ಲ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಬರೆದುಕೊಡುವ ನಾನು ರಾತ್ರಿಯ ಹೊತ್ತು ಕಥೆ ಬರೆಯುತ್ತೇನೆ. ಅವುಗಳಲ್ಲಿ ಪ್ರಾಗ್‌ನ ಜರ್ಮನ್ ಭಾಷೆಯ ಲೇಖಕ ಫ್ರಾಂಜ್ ಕಾಫ್ಕಾನ ನೆರಳು ಕಂಡವರು ಸಾಮಾನ್ಯವಾಗಿ ದಿಗಿಲು, ದುಃಸ್ವಪ್ನಗಳ ಮಾತನ್ನೇ ಎತ್ತುತ್ತಾರೆ. ನಾನು ಆತನಿಂದ ಪಡೆದದ್ದು ಕಚೇರಿಯ ಗದ್ಯವನ್ನು.

1908ರಿಂದ 1922ರವರೆಗೆ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ದುಡಿದ ಕಾಫ್ಕಾ, ಮರ ಹೆರೆಯುವ ಯಂತ್ರಕ್ಕೆ ಚೌಕ ದಂಡದ ಬದಲು ದುಂಡನೆಯ ದಂಡ ಹಾಕಿದರೆ ಕೂಲಿಕಾರರ ಬೆರಳು ಹೇಗೆ ಉಳಿಯುತ್ತವೆಂದು ಚಿತ್ರಸಹಿತ ವರದಿ ಬರೆದವನು. 1915ರಲ್ಲಿ ಪ್ರಕಟವಾದ ಆತನ ಕಥೆ ‘ಮೆಟಮಾರ್ಫಸಿಸ್’ನ ಧ್ವನಿಯೂ ಅಷ್ಟೇ ಸಮಾಧಾನದ್ದು. ಹುಳುವಾಗಿ ಎಚ್ಚೆತ್ತ ಗ್ರೆಗರ್ ಸಾಂಸಾನನ್ನು ಕಾಡುವುದು ತಪ್ಪಿಹೋದ ಐದು ಗಂಟೆಯ ರೈಲು. ಮುಖಪುಟದಲ್ಲಿ ಆ ಹುಳುವನ್ನು ದೂರದಿಂದಲೂ ತೋರಿಸಬಾರದೆಂದು ಕಾಫ್ಕಾ ಪ್ರಕಾಶಕರಿಗೆ ಪತ್ರ ಬರೆದಿದ್ದ.

ಈ ಸಮಾಧಾನದ ಕಚೇರಿ ಗದ್ಯವನ್ನು ನಾನು ಪ್ರಯೋಗಿಸಿದ್ದು ಹೊಲದ ಪಹಣಿಗಾಗಿ ಅಲೆಯುವ ಹರಪನಹಳ್ಳಿ ತಾಲ್ಲೂಕಿನ ಮುದುಕನೊಬ್ಬನ ಕಥೆಯಲ್ಲಿ. ಬಳ್ಳಾರಿಗೆ ಸೇರಿದ್ದ ಆ ತಾಲ್ಲೂಕು 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಬಂದು, ಮತ್ತೆ ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. (1918ರಲ್ಲಿ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯವೇ ಅಳಿದು ಕಚೇರಿಯ ಭಾಷೆ ಜರ್ಮನ್‌ನಿಂದ ಚೆಕ್‌ಗೆ ಬದಲಾದಾಗಲೂ ಕಾಫ್ಕಾ ಅದೇ ಸಂಸ್ಥೆಯಲ್ಲಿ ಮುಂದುವರಿದ.) ಮುದುಕನ ಹೊಲ ಯಾವ ಜಿಲ್ಲೆಯಲ್ಲೂ ಇಲ್ಲವೆಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ ಮುಗಿಸಿದೆ. ಅಲ್ಲಿಂದ ಮುಂದೆ ‘ವಿಚಿತ್ರ’, ‘ಭಯಾನಕ’ ಎಂಬ ಜಾತಿಯ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, ಪೂರ್ವಕ್ಕೆ ದಾಯಾದಿಯ ಜಮೀನು, ಪಶ್ಚಿಮಕ್ಕೆ ಬಂಡಿ ಜಾಡು, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ಗೋಮಾಳ ಎಂದು ಇಲ್ಲದ ಹೊಲಕ್ಕೆ ಚೆಕ್ಕುಬಂದಿ ಬರೆಯುತ್ತ ಹೋದೆ. ಕೈ ಪಳಗಿದ್ದ ಕೆಲಸವಾದ್ದರಿಂದ ಬರವಣಿಗೆ ತಾನಾಗಿ ಬಿಗಿಯಾಯಿತು.

ಗುಮಾಸ್ತನ ಪಾತ್ರ ಹೆಚ್ಚು ಕಷ್ಟ ಕೊಟ್ಟಿತು. ಲಂಚಕೋರನನ್ನು ಬರೆಯುವುದು ಸುಲಭ, ಆದರೆ ಅವನು ಬಂದೊಡನೆ ಕಥೆ ದೂರು ಅರ್ಜಿಯಾಗಿಬಿಡುತ್ತದೆ. ಕಾಫ್ಕಾನ ಕಾದಂಬರಿ ‘ದಿ ಕ್ಯಾಸಲ್’ನಲ್ಲಿ ನಾಯಕ ಕೆ.ಯನ್ನು ಸೋಲಿಸುವುದು ದುಷ್ಟತನಕ್ಕಿಂತ ಹೆಚ್ಚಾಗಿ ದಣಿವಿಲ್ಲದ ವಿವರಣೆಗಳು. ಆದ್ದರಿಂದ ನನ್ನ ಗುಮಾಸ್ತ ಕುರ್ಚಿ ಎಳೆದುಕೊಟ್ಟು, “ಕೂತ್ಕಳ್ರಿ ಯಜಮಾನ್ರೆ, ನಿಮ್ ಕಾಗದ ಎಲ್ಲಾ ಸರಿ ಅದಾವು, ಊರೇ ಸ್ವಲ್ಪ ತಪ್ಪೈತಿ” ಎನ್ನುತ್ತಾನೆ.

ಕಾಫ್ಕಾನ ಪ್ರಭಾವವೆಂದರೆ ಅನುಕರಣೆಯಲ್ಲ ಎಂಬ ಧೈರ್ಯವನ್ನು ನನಗೆ ಕೊಟ್ಟದ್ದು ಯಶವಂತ ಚಿತ್ತಾಲರ ‘ಶಿಕಾರಿ’ (1979). ಆರೋಪವೇನೆಂದು ತಿಳಿಯದೆ ವಿಚಾರಣೆಗೆ ಸಿಕ್ಕಿಬಿದ್ದ ನಾಗಪ್ಪ ಕಾಫ್ಕಾನ ‘ದಿ ಟ್ರಯಲ್’ ಕಾದಂಬರಿಯ ಜೋಸೆಫ್ ಕೆ.ಯನ್ನು ನೆನಪಿಸುತ್ತಾನೆ, ನಿಜ. ಆದರೆ ಅವನ ಬೆನ್ನು ಹತ್ತಿದವರಿಗೆ ಹೆಸರುಗಳಿವೆ, ಹಗೆಗೆ ಹಳೆಯ ಕಾರಣಗಳಿವೆ. ನನ್ನ ದೃಷ್ಟಿಯಲ್ಲಿ ಆ ಕಾದಂಬರಿಯ ಬಲವಿರುವುದು ಈ ವ್ಯತ್ಯಾಸದಲ್ಲಿಯೇ.

ನನ್ನ ಕಥೆಯ ಕೊನೆಯಲ್ಲಿ ಮುದುಕನಿಗೆ ಪಹಣಿ ಸಿಗುತ್ತದೆ. ‘ದಿ ಕ್ಯಾಸಲ್’ ವಾಕ್ಯದ ನಡುವೆಯೇ ನಿಂತುಹೋಗುವ ಕೃತಿಯಾಗಿರುವಾಗ ಇಂಥ ಮುಕ್ತಾಯ ಕಾಫ್ಕಾನಿಗೆ ಬಗೆದ ದ್ರೋಹವೆಂದು ಗೆಳೆಯರೊಬ್ಬರು ಆಕ್ಷೇಪಿಸಿದರು. ಆದರೆ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರಿಗೆ, ಅಲೆದು ಅಲೆದು ಕಡೆಗಾದರೂ, ಕಾಗದ ಸಿಕ್ಕೇ ಸಿಗುತ್ತದೆಯಾದ್ದರಿಂದ ನಾನದನ್ನು ಬದಲಿಸಲಿಲ್ಲ.