ಬಿ.ಕಾಂ. ಓದುತ್ತಿರುವವರೇ, ಟ್ಯಾಲಿ (ಲೆಕ್ಕ ಇಡುವ ಸಾಫ್ಟ್‌ವೇರ್) ಕೋರ್ಸಿಗಿಂತ ಮೊದಲು ಇದನ್ನು ಮಾಡಿ

ಚಿಕ್ಕಪೇಟೆಯಲ್ಲೋ ಪೀಣ್ಯದಲ್ಲೋ ಗೊತ್ತಿರುವವರ ವ್ಯಾಪಾರ ಇದ್ದರೆ, ಅವರನ್ನು ಕೇಳಿ ಒಂದು ತಿಂಗಳ ಪರ್ಚೇಸ್ ಬಿಲ್‌ಗಳನ್ನು ತಗೊಂಡು, ಮುಂದಿನ ತಿಂಗಳ 14ನೇ ತಾರೀಖು ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುವ ಜಿಎಸ್‌ಟಿಆರ್-2ಬಿ (ಮಾರಿದವರು ತೋರಿಸಿರುವ ಬಿಲ್‌ಗಳ ಪಟ್ಟಿ) ಜೊತೆ ಒಂದೊಂದಾಗಿ ತಾಳೆ ನೋಡಿ. ಕೆಲವೊಮ್ಮೆ ಬಿಲ್ ಕೈಯಲ್ಲಿರುತ್ತದೆ, 2ಬಿಯಲ್ಲಿ ಇರುವುದಿಲ್ಲ! ಮಾರಿದವರು ಜಿಎಸ್‌ಟಿಆರ್-1 (ಮಾರಾಟದ ರಿಟರ್ನ್) ಹಾಕಿರುವುದಿಲ್ಲ, ಇಲ್ಲಾ ಜಿಎಸ್‌ಟಿ ನಂಬರಿನಲ್ಲಿ ಒಂದಕ್ಷರ ಆಚೀಚೆ ಆಗಿರುತ್ತದೆ. ಆಗ ಆ ತಿಂಗಳು ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ ತೆರಿಗೆಯ ವಜಾ) ಸಿಗುವುದಿಲ್ಲ, ತೆರಿಗೆ ಕಟ್ಟುವ ರಿಟರ್ನ್ ಜಿಎಸ್‌ಟಿಆರ್-3ಬಿ ಹಾಕುವಾಗ ಅಷ್ಟೂ ದುಡ್ಡು ಕೈಯಿಂದ ಕಟ್ಟಬೇಕು. ಇದು ಅರ್ಥವಾದರೆ ಇಂಟರ್‌ವ್ಯೂನಲ್ಲಿ ಮಾತಾಡುವುದಕ್ಕೆ ಏನಾದರೂ ಇರುತ್ತದೆ, ಸುಮ್ನೆ ಸರ್ಟಿಫಿಕೇಟ್ ಎಲ್ಲರ ಹತ್ತಿರವೂ ಇದೆ ಅಲ್ವಾ. ಟ್ಯಾಲಿ ಆಮೇಲೆ ಬೇಗ ಕೈಗೆ ಹತ್ತುತ್ತದೆ (ಅದೂ ನಮ್ಮ ಬೆಂಗಳೂರಿನದೇ).

ಸಿಎ ಯೋಚನೆ ಇರುವವರು ಡಿಗ್ರಿಯಲ್ಲಿ 55% ಕೈಬಿಡಬೇಡಿ. ಕಾಮರ್ಸ್‌ನವರು ಅಷ್ಟಿದ್ದರೆ ಸಿಎ ಮೊದಲ ಹಂತದ ಫೌಂಡೇಶನ್ ಬರೆಯದೆ ನೇರ ಎರಡನೇ ಹಂತದ ಇಂಟರ್‌ಮೀಡಿಯೇಟ್‌ಗೆ ಸೇರಬಹುದು.